ಪದವಿ ವಿದ್ಯಾರ್ಥಿಗಳ ಶೈಕ್ಷಣಿಕ ಸ್ಥಿತಿ ಮತ್ತು ನೆರವು (ಚಿಕ್ಕಮಗಳೂರು ಜಿಲ್ಲೆ)

ಶೈಕ್ಷಣಿಕ ಸ್ಥಿತಿ ಎಂದರೆ ಪದವಿ ವಿದ್ಯಾರ್ಥಿಯೊಬ್ಬನು ಅಥವಾ ವಿದ್ಯಾರ್ಥಿನಿಯೊಬ್ಬಳು ತನ್ನ ವಿಶ್ವವಿದ್ಯಾಲಯದ ನಿಯಮಗಳ ಪ್ರಕಾರ ವ್ಯಾಸಂಗವನ್ನು ಮುಂದುವರಿಸಲು, ಪರೀಕ್ಷೆಗೆ ಕೂರಲು ಹಾಗೂ ಪದವಿ ಪಡೆಯಲು ಅರ್ಹರಾಗಿದ್ದಾರೆಯೇ ಎಂಬುದನ್ನು ಸೂಚಿಸುವ ಸ್ಥಿತಿ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಒಂದೇ ಅಧಿಕೃತ ಹೆಸರಿರುತ್ತದೆ. ಸರಾಸರಿ ಅಂಕ ಕುಸಿದ ವಿದ್ಯಾರ್ಥಿಯನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸಿ ಪತ್ರ ಕಳುಹಿಸಲಾಗುತ್ತದೆ. ಕರ್ನಾಟಕದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಂತಾದ ಪದವಿಗಳಲ್ಲಿ ಹಾಗೆ ಒಂದೇ ಹೆಸರಿನ ಸ್ಥಿತಿ ರೂಢಿಯಲ್ಲಿಲ್ಲ. ಇಲ್ಲಿ ಹಾಜರಾತಿ, ಆಂತರಿಕ ಅಂಕ, ಸೆಮಿಸ್ಟರ್ ಪರೀಕ್ಷೆಯ ಫಲಿತಾಂಶ, ಬಾಕಿ ಉಳಿದ ವಿಷಯಗಳು ಮತ್ತು ಪದವಿ ಮುಗಿಸಲು ಇರುವ ಗರಿಷ್ಠ ಅವಧಿ ಎಂಬ ಐದು ಬೇರೆಬೇರೆ ಲೆಕ್ಕಗಳು ಸೇರಿ ವಿದ್ಯಾರ್ಥಿಯ ಸ್ಥಿತಿಯನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಕೆಲವು ಕೊರತೆಗಳನ್ನು ನಂತರ ತುಂಬಿಕೊಳ್ಳಬಹುದು, ಕೆಲವನ್ನು ಸೆಮಿಸ್ಟರ್ ಮುಗಿದ ಮೇಲೆ ತುಂಬಲು ಬಹುಮಟ್ಟಿಗೆ ಸಾಧ್ಯವಿಲ್ಲ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಕಾಫಿ ಸೀಮೆಯ ವಿದ್ಯಾರ್ಥಿಗಳಿಗೆ ಮಳೆ, ದೂರ ಮತ್ತು ಆದಾಯದ ಕಾರಣದಿಂದ ಈ ವ್ಯತ್ಯಾಸ ವಿಶೇಷವಾಗಿ ಮುಖ್ಯವಾಗುತ್ತದೆ.

ಜಿಲ್ಲೆಯ ಕಾಲೇಜುಗಳು ಮತ್ತು ವಿಶ್ವವಿದ್ಯಾಲಯಗಳು

ಜಿಲ್ಲೆಯ ವಿದ್ಯಾರ್ಥಿಗೆ ಅನ್ವಯಿಸುವ ನಿಯಮಗಳು ಆತ ಓದುವ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದನ್ನು ಅವಲಂಬಿಸಿವೆ. ಚಿಕ್ಕಮಗಳೂರಿನ ಐ.ಡಿ.ಎಸ್.ಜಿ. ಸರ್ಕಾರಿ ಕಾಲೇಜು, ಮೂಡಿಗೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಮೊದಲಾದ ಸಾಮಾನ್ಯ ಪದವಿ ಕಾಲೇಜುಗಳು ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಈ ವಿಶ್ವವಿದ್ಯಾಲಯ 1987ರಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಈ ಭಾಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. 1980ರಲ್ಲಿ ಆರಂಭವಾದ ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದೆ. ಮೂಡಿಗೆರೆಯ ತೋಟಗಾರಿಕಾ ಮಹಾವಿದ್ಯಾಲಯವು ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾಗಿದೆ.

ಹೀಗಾಗಿ ಒಂದೇ ಊರಿನ ಮೂವರು ವಿದ್ಯಾರ್ಥಿಗಳು ಮೂರು ಬಗೆಯ ನಿಯಮಾವಳಿಗಳಿಗೆ ಒಳಪಟ್ಟಿರಬಹುದು. ಇದರೊಂದಿಗೆ ಪ್ರವೇಶದ ವರ್ಷವೂ ಮುಖ್ಯವಾಗುತ್ತದೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದಿತು. 2024-25ರಿಂದ ರಾಜ್ಯ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಮೊದಲನೆಯ ಪದ್ಧತಿಯಲ್ಲಿ 100 ಅಂಕಗಳ ವಿಷಯಕ್ಕೆ 60 ಅಂಕ ಸೆಮಿಸ್ಟರ್ ಪರೀಕ್ಷೆಗೂ 40 ಅಂಕ ಆಂತರಿಕ ಮೌಲ್ಯಮಾಪನಕ್ಕೂ ಮೀಸಲಾಗಿದ್ದರೆ, ಎರಡನೆಯದರಲ್ಲಿ ಈ ಪ್ರಮಾಣ 80 ಮತ್ತು 20 ಆಗಿದೆ. ವಿದ್ಯಾರ್ಥಿಯು ತಾನು ಪ್ರವೇಶ ಪಡೆದ ವರ್ಷದ ಪದ್ಧತಿಯ ನಿಯಮಗಳನ್ನೇ ನೋಡಬೇಕಾಗುತ್ತದೆ. ಕಿರಿಯರ ಅಥವಾ ಹಿರಿಯರ ನಿಯಮ ಅವನಿಗೆ ಹೊಂದದಿರಬಹುದು.

ಸ್ಥಿತಿಯನ್ನು ನಿರ್ಧರಿಸುವ ಅಂಶಗಳು

ಹಾಜರಾತಿ

ಸಾಮಾನ್ಯ ಪದವಿಗಳಲ್ಲಿ ಪ್ರತಿ ವಿಷಯಕ್ಕೂ ಶೇ. 75ರಷ್ಟು ಹಾಜರಾತಿ ಅಗತ್ಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ಮಿತಿ ಶೇ. 85 ಆಗಿದ್ದು, ಸಕಾರಣವಿದ್ದರೆ ಶೇ. 10ರವರೆಗೆ ವಿನಾಯಿತಿ ನೀಡಲು ಅವಕಾಶವಿದೆ. ಹಾಜರಾತಿ ಕೊರತೆಯಾದರೆ ವಿದ್ಯಾರ್ಥಿಗೆ ಪರೀಕ್ಷೆಯ ಪ್ರವೇಶಪತ್ರ ದೊರೆಯುವುದಿಲ್ಲ. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಅದನ್ನು ಮತ್ತೆ ಬರೆಯಬಹುದು. ಹಾಜರಾತಿ ಇಲ್ಲದವರು ಆ ಸೆಮಿಸ್ಟರನ್ನೇ ಮತ್ತೆ ಓದಬೇಕಾಗುವುದರಿಂದ ಐದು ಅಂಶಗಳಲ್ಲಿ ಇದರ ಪರಿಣಾಮವೇ ಹೆಚ್ಚು ತೀವ್ರ.

ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 60 ತರಗತಿಗಳಿವೆ ಎಂದುಕೊಂಡರೆ ಶೇ. 75 ಎಂದರೆ 45 ತರಗತಿಗಳು. ಮೊದಲ 30 ತರಗತಿಗಳಲ್ಲಿ 18ಕ್ಕೆ ಮಾತ್ರ ಹಾಜರಾದ ವಿದ್ಯಾರ್ಥಿಯು ಉಳಿದ 30ರಲ್ಲಿ 27ಕ್ಕೆ ಹಾಜರಾಗಬೇಕು. ಕೊರತೆಯನ್ನು ಸೆಮಿಸ್ಟರಿನ ಕೊನೆಯ ತಿಂಗಳಲ್ಲಿ ಗಮನಿಸಿದರೆ ಅದನ್ನು ಸರಿಪಡಿಸಲು ಬೇಕಾದಷ್ಟು ತರಗತಿಗಳೇ ಉಳಿದಿರುವುದಿಲ್ಲ.

ಆಂತರಿಕ ಅಂಕ

ಕಿರುಪರೀಕ್ಷೆ, ನಿಯೋಜಿತ ಬರಹ, ಪ್ರಾಯೋಗಿಕ ದಾಖಲೆ ಮುಂತಾದವುಗಳಿಗೆ ಕಾಲೇಜಿನಲ್ಲಿಯೇ ನೀಡುವ ಅಂಕಗಳು ಇವು. ಕಾಲೇಜು ಇವುಗಳನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಮೇಲೆ ಬದಲಾವಣೆ ಕಷ್ಟಸಾಧ್ಯ. ತಾಂತ್ರಿಕ ವಿಶ್ವವಿದ್ಯಾಲಯದ 2022ರ ಯೋಜನೆಯಂತೆ ಆಂತರಿಕ ಮೌಲ್ಯಮಾಪನದಲ್ಲಿ ಶೇ. 40, ಸೆಮಿಸ್ಟರ್ ಪರೀಕ್ಷೆಯಲ್ಲಿ ಶೇ. 35 ಮತ್ತು ಒಟ್ಟಾರೆ ಶೇ. 40 ಅಂಕ ಪಡೆದವರು ಮಾತ್ರ ಆ ವಿಷಯದಲ್ಲಿ ಉತ್ತೀರ್ಣರಾಗುತ್ತಾರೆ.

ಕ್ರೆಡಿಟ್ ಮತ್ತು ಶ್ರೇಯಾಂಕ ಸರಾಸರಿ

ವಿಶ್ವವಿದ್ಯಾಲಯ ಅನುದಾನ ಆಯೋಗದ ಹತ್ತು ಅಂಶಗಳ ಮಾನದಂಡದಲ್ಲಿ 'ಒ' ಶ್ರೇಣಿಗೆ 10, 'ಎ+'ಗೆ 9, 'ಎ'ಗೆ 8, 'ಬಿ+'ಗೆ 7, 'ಬಿ'ಗೆ 6, 'ಸಿ'ಗೆ 5, 'ಪಿ'ಗೆ 4 ಹಾಗೂ ಅನುತ್ತೀರ್ಣತೆಗೆ 0 ಅಂಶಗಳಿವೆ. ಪ್ರತಿ ವಿಷಯದ ಕ್ರೆಡಿಟ್ಟನ್ನು ಅದರಲ್ಲಿ ಪಡೆದ ಅಂಶದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಆ ಸೆಮಿಸ್ಟರಿನ ಶ್ರೇಯಾಂಕ ಸರಾಸರಿ ದೊರೆಯುತ್ತದೆ. ಎಲ್ಲ ಸೆಮಿಸ್ಟರ್‌ಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಬರುವುದು ಸಂಚಿತ ಶ್ರೇಯಾಂಕ ಸರಾಸರಿ. ಕೆಳಗಿನದು ಒಂದು ಮಾದರಿ ಲೆಕ್ಕ:

ಮೊದಲ ವಿಷಯ: 5 ಕ್ರೆಡಿಟ್ × 8 = 40
ಎರಡನೇ ವಿಷಯ: 5 ಕ್ರೆಡಿಟ್ × 7 = 35
ಮೂರನೇ ವಿಷಯ: 5 ಕ್ರೆಡಿಟ್ × 6 = 30
ಭಾಷಾ ವಿಷಯ ಒಂದು: 3 ಕ್ರೆಡಿಟ್ × 7 = 21
ಭಾಷಾ ವಿಷಯ ಎರಡು (ಅನುತ್ತೀರ್ಣ): 3 ಕ್ರೆಡಿಟ್ × 0 = 0
ಒಟ್ಟು: 21 ಕ್ರೆಡಿಟ್, 126 ಅಂಶ; ಸರಾಸರಿ 6.00

ಅನುತ್ತೀರ್ಣವಾದ ವಿಷಯದಿಂದ ಅಂಶಗಳು ಬರದಿದ್ದರೂ ಅದರ ಕ್ರೆಡಿಟ್ ಭಾಜಕದಲ್ಲಿ ಉಳಿಯುತ್ತದೆ. ಅದೇ ವಿಷಯವನ್ನು ಮತ್ತೆ ಬರೆದು 'ಸಿ' ಶ್ರೇಣಿ ಪಡೆದರೂ ಒಟ್ಟು ಅಂಶ 141 ಆಗಿ ಸರಾಸರಿ 6.71ಕ್ಕೆ ಏರುತ್ತದೆ. ಒಂದು ಸಣ್ಣ ವಿಷಯದ ಬಾಕಿಯು ಇಡೀ ಸೆಮಿಸ್ಟರಿನ ಲೆಕ್ಕವನ್ನು ಎಷ್ಟು ಕೆಳಗೆಳೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಬಾಕಿ ವಿಷಯಗಳು ಮತ್ತು ಗರಿಷ್ಠ ಅವಧಿ

ಬ್ಯಾಕ್‌ಲಾಗ್ ಎಂದೇ ರೂಢಿಯಲ್ಲಿರುವ ಬಾಕಿ ವಿಷಯಗಳನ್ನು ಇಟ್ಟುಕೊಂಡೇ ಮುಂದಿನ ಸೆಮಿಸ್ಟರಿಗೆ ಹೋಗಲು ಸಾಮಾನ್ಯ ಪದವಿಗಳಲ್ಲಿ ಅವಕಾಶವಿರುತ್ತದೆ. ವೃತ್ತಿಪರ ಪದವಿಗಳಲ್ಲಿ ಬಾಕಿಯ ಸಂಖ್ಯೆಗೆ ಮಿತಿ ಇರುವುದುಂಟು. ತಾಂತ್ರಿಕ ವಿಶ್ವವಿದ್ಯಾಲಯದ 2018ರ ಯೋಜನೆಯಲ್ಲಿ ಹಿಂದಿನ ವರ್ಷದ ನಾಲ್ಕಕ್ಕಿಂತ ಹೆಚ್ಚು ವಿಷಯಗಳು ಬಾಕಿ ಉಳಿದರೆ ಮುಂದಿನ ವರ್ಷಕ್ಕೆ ಬಡ್ತಿ ಇರಲಿಲ್ಲ. ಈ ಅವಕಾಶ ಅನಿರ್ದಿಷ್ಟ ಕಾಲದ್ದಲ್ಲ. ಪದವಿ ಮುಗಿಸಲು ಪ್ರತಿ ವಿಶ್ವವಿದ್ಯಾಲಯವೂ ಗರಿಷ್ಠ ವರ್ಷಗಳನ್ನು ನಿಗದಿಪಡಿಸಿರುತ್ತದೆ. ಪಠ್ಯಕ್ರಮ ಬದಲಾದಾಗ ಹಳೆಯ ಪದ್ಧತಿಯ ಪ್ರಶ್ನಪತ್ರಿಕೆಗಳು ಕೆಲವು ವರ್ಷಗಳ ನಂತರ ನಿಲ್ಲುವುದರಿಂದ, ಹಳೆಯ ಪದ್ಧತಿಯಲ್ಲಿ ಬಾಕಿ ಉಳಿಸಿಕೊಂಡವರಿಗೆ ಕಾಲಮಿತಿ ಇನ್ನೂ ಬಿಗಿಯಾಗುತ್ತದೆ.

ಕಾಫಿ ಸೀಮೆಯ ವಿಶೇಷ ಸಂದರ್ಭಗಳು

ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್ ಘಟ್ಟದ ದಾರಿ. ಈ ಭಾಗದ ಸಂಚಾರ ಬಹುಮಟ್ಟಿಗೆ ಖಾಸಗಿ ಬಸ್ಸುಗಳನ್ನು ಅವಲಂಬಿಸಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಸಾರಿಗೆ ಬಸ್ಸುಗಳಿಗೆ ಮಾತ್ರ ಅನ್ವಯಿಸುವುದರಿಂದ, ಆ ಬಸ್ಸುಗಳಿಲ್ಲದ ಮಾರ್ಗದ ವಿದ್ಯಾರ್ಥಿನಿಯರಿಗೆ ಅದರ ಪ್ರಯೋಜನ ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮರ ಉರುಳುವುದು, ಧರೆ ಕುಸಿಯುವುದು ಸಾಮಾನ್ಯ. ಭದ್ರಾ ನದಿ ಉಕ್ಕಿದಾಗ ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಮುಳುಗಿ ಸಂಪರ್ಕ ಕಡಿದುಹೋದ ಸಂದರ್ಭಗಳು ಹಲವು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಭಾರಿ ಭೂಕುಸಿತಗಳಾಗಿ ಮನೆ, ತೋಟ, ರಸ್ತೆಗಳಿಗೆ ಹಾನಿಯಾಯಿತು. ಹಾಜರಾತಿಯ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ಕಾಲೇಜಿಗೆ ರಜೆ ಘೋಷಣೆಯಾದ ದಿನ ತರಗತಿಯೇ ನಡೆಯದ ಕಾರಣ ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಊರಿನ ದಾರಿ ಮಾತ್ರ ಕಡಿದು ಕಾಲೇಜು ನಡೆದರೆ ಆ ಊರಿನ ವಿದ್ಯಾರ್ಥಿಗೆ ಗೈರುಹಾಜರಿ ದಾಖಲಾಗುತ್ತದೆ. ಅಂತಹ ದಿನಗಳ ವಿವರವನ್ನು ಅದೇ ವಾರದಲ್ಲಿ ಲಿಖಿತವಾಗಿ ಪ್ರಾಂಶುಪಾಲರ ಗಮನಕ್ಕೆ ತಂದಿದ್ದರೆ ಮುಂದೆ ವಿನಾಯಿತಿ ಕೋರುವಾಗ ಅದು ಆಧಾರವಾಗುತ್ತದೆ.

ನವೆಂಬರ್‌ನಿಂದ ಅರೇಬಿಕಾ, ಹೊಸ ವರ್ಷದ ಆರಂಭದಿಂದ ರೊಬಸ್ಟಾ ಹಣ್ಣಿನ ಕುಯ್ಲು ನಡೆಯುತ್ತದೆ. ಸಣ್ಣ ಬೆಳೆಗಾರರ ಮತ್ತು ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರ ಮಕ್ಕಳಲ್ಲಿ ಕೆಲವರು ಈ ತಿಂಗಳುಗಳಲ್ಲಿ ಮನೆಯವರೊಂದಿಗೆ ದುಡಿಮೆಗೂ ನಿಲ್ಲುತ್ತಾರೆ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲೇರಿದವರಿಗೆ ಕ್ರೆಡಿಟ್, ಬಾಕಿ, ಮರುಮೌಲ್ಯಮಾಪನ ಎಂಬ ಪದಗಳನ್ನು ಬಿಡಿಸಿ ಹೇಳುವವರು ಮನೆಯಲ್ಲಿರುವುದಿಲ್ಲ. ಆ ಕೆಲಸ ಕಾಲೇಜಿನ ಮೇಲೆಯೇ ಬೀಳುತ್ತದೆ.

ನೆರವಿನ ವ್ಯವಸ್ಥೆಗಳು

ಕಾಲೇಜಿನೊಳಗೆ

ಅನೇಕ ಕಾಲೇಜುಗಳಲ್ಲಿ ಪ್ರತಿ ಅಧ್ಯಾಪಕರಿಗೂ ನಿರ್ದಿಷ್ಟ ಸಂಖ್ಯೆಯ ವಿದ್ಯಾರ್ಥಿಗಳನ್ನು ಹಂಚಿಕೊಡುವ ಮಾರ್ಗದರ್ಶಕ ಪದ್ಧತಿ ಇದೆ. ಹಾಜರಾತಿ ಮತ್ತು ಆಂತರಿಕ ಅಂಕದ ವಿಚಾರದಲ್ಲಿ ಮೊದಲು ಕಾಣಬೇಕಾದವರು ಈ ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರು. ಪ್ರವೇಶ, ಪರೀಕ್ಷಾ ಅರ್ಜಿ ಮತ್ತು ಫಲಿತಾಂಶಗಳಿಗೆ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ರಾಜ್ಯದ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ ಬಳಕೆಯಲ್ಲಿದೆ. ಅದರಲ್ಲಿ ಹೆಸರು, ವಿಷಯ ಅಥವಾ ಅಂಕ ತಪ್ಪಾಗಿ ದಾಖಲಾಗಿದ್ದರೆ ತಿದ್ದುಪಡಿ ಕಾಲೇಜು ಕಚೇರಿಯ ಮೂಲಕ ಆರಂಭವಾಗುತ್ತದೆ.

ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಹಾಗೂ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯ ನೀಡಬೇಕೆಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತದೆ. ಇದಕ್ಕಾಗಿ ಪರೀಕ್ಷೆಗೆ ಮೊದಲೇ ಅರ್ಜಿ ಸಲ್ಲಿಸಬೇಕು.

ಮರುಎಣಿಕೆ ಮತ್ತು ಮರುಮೌಲ್ಯಮಾಪನ

ಫಲಿತಾಂಶ ಪ್ರಕಟವಾದ ಮೇಲೆ ನಿಗದಿತ ದಿನಗಳೊಳಗೆ ಶುಲ್ಕ ಕಟ್ಟಿ ಉತ್ತರಪತ್ರಿಕೆಯ ನಕಲು, ಅಂಕಗಳ ಮರುಎಣಿಕೆ ಅಥವಾ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಮೌಲ್ಯಮಾಪನಗೊಂಡ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಮಾಹಿತಿ ಹಕ್ಕು ಕಾಯಿದೆಯಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪು ನೀಡಿತು. ಮರುಮೌಲ್ಯಮಾಪನದ ಫಲಿತಾಂಶ ತಡವಾಗಬಹುದಾದ್ದರಿಂದ, ಅದಕ್ಕೆ ಕಾಯುತ್ತಿರುವಾಗಲೇ ಮುಂದಿನ ಪರೀಕ್ಷೆಗೂ ಅರ್ಜಿ ಸಲ್ಲಿಸಿದರೆ ಒಂದು ಅವಕಾಶ ಕೈತಪ್ಪುವುದಿಲ್ಲ.

ಕುಂದುಕೊರತೆ ಪರಿಹಾರ

ಅನುದಾನ ಆಯೋಗದ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಗಳ ಪ್ರಕಾರ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗದವರಿಗೂ ಪ್ರಾತಿನಿಧ್ಯ ಕಡ್ಡಾಯ. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ನೀಡಬೇಕು. ಅದರಿಂದ ಸಮಾಧಾನವಾಗದ ವಿದ್ಯಾರ್ಥಿ 15 ದಿನಗಳೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಕೇವಲ ಅಂಕ ಕಡಿಮೆ ಬಂದಿದೆ ಎಂಬ ದೂರನ್ನು ಅವರು ಪರಿಗಣಿಸುವುದಿಲ್ಲ. ಫಲಿತಾಂಶದ ಮೇಲೆ ಪರಿಣಾಮ ಬೀರಿದ ನಿರ್ದಿಷ್ಟ ಅಕ್ರಮವನ್ನು ಅಥವಾ ತಾರತಮ್ಯವನ್ನು ತೋರಿಸಬೇಕಾಗುತ್ತದೆ.

ಆರ್ಥಿಕ ನೆರವು

ರಾಜ್ಯದ ಬಹುತೇಕ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕು. ಮುಖ್ಯವಾದವು ಹೀಗಿವೆ:

• ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳು.
• ವಿದ್ಯಾಸಿರಿ: ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆ ಹತ್ತು ತಿಂಗಳ ನೆರವು.
• ರೈತ ವಿದ್ಯಾನಿಧಿ: 2021ರಲ್ಲಿ ಆರಂಭ. ರೈತರ ಮಕ್ಕಳು ಪದವಿ ಓದುವಾಗ ವರ್ಷಕ್ಕೆ ಹುಡುಗರಿಗೆ 5,000 ಮತ್ತು ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಗಿತ್ತು.
• ತೋಟ ಕಾರ್ಮಿಕರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಮತ್ತು ಕಾಫಿ ಮಂಡಳಿಯ ಶೈಕ್ಷಣಿಕ ಸಹಾಯಧನಗಳು.

ಶೈಕ್ಷಣಿಕ ಸ್ಥಿತಿಗೂ ಈ ನೆರವಿಗೂ ನೇರ ಸಂಬಂಧವಿದೆ. ಕೆಲವು ಯೋಜನೆಗಳಿಗೆ ಹಿಂದಿನ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಬೇಕು. ಅದೇ ವರ್ಷವನ್ನು ಮತ್ತೆ ಓದುವವರಿಗೆ ನೆರವು ಸಾಮಾನ್ಯವಾಗಿ ಎರಡನೇ ಬಾರಿ ಸಿಗುವುದಿಲ್ಲ. ಆದ್ದರಿಂದ ಬಡ ಕುಟುಂಬದ ವಿದ್ಯಾರ್ಥಿಗೆ ಒಂದು ವರ್ಷದ ನಷ್ಟವೆಂದರೆ ಆ ವರ್ಷದ ವೆಚ್ಚವನ್ನೂ ಸ್ವತಃ ಭರಿಸುವುದು ಎಂದಾಗುತ್ತದೆ. ಓದು ಅರ್ಧಕ್ಕೆ ನಿಲ್ಲಲು ಇದೂ ಒಂದು ಕಾರಣ.

ಮಾನಸಿಕ ಆರೋಗ್ಯ

ಫಲಿತಾಂಶದ ಆತಂಕ, ಮನೆಯ ಒತ್ತಡ ಅಥವಾ ಖಿನ್ನತೆಯಿಂದ ಬಳಲುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಈ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ರ‍್ಯಾಗಿಂಗ್ ಕುರಿತ ದೂರುಗಳಿಗೆ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ.

ವ್ಯಾಸಂಗ ಮುಂದುವರಿಸಲಾಗದವರಿಗೆ ಇರುವ ದಾರಿಗಳು

ದಿನನಿತ್ಯ ಕಾಲೇಜಿಗೆ ಬರಲಾಗದ ವಿದ್ಯಾರ್ಥಿಗಳು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಪದವಿ ಓದಬಹುದು. ತರಗತಿಯ ಹಾಜರಾತಿಯನ್ನು ಪೂರೈಸಿ ಕೆಲವು ವಿಷಯಗಳು ಮಾತ್ರ ಬಾಕಿ ಇರುವವರು ಕಾಲೇಜಿಗೆ ಬರದೆಯೇ ಆ ಪರೀಕ್ಷೆಗಳನ್ನು ಬರೆದು ಗರಿಷ್ಠ ಅವಧಿಯೊಳಗೆ ಪದವಿ ಪಡೆಯಲು ಅರ್ಹರು. ಬಾಕಿ ವಿಷಯಗಳಿವೆ ಎಂಬ ಕಾರಣಕ್ಕೆ ಪದವಿಯ ಆಸೆಯನ್ನೇ ಬಿಟ್ಟು ಕೆಲಸಕ್ಕೆ ಸೇರಿದವರೂ ಅವಧಿ ಮೀರಿರದಿದ್ದರೆ ಕಾಲೇಜು ಕಚೇರಿಯಲ್ಲಿ ವಿಚಾರಿಸಿ ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು.

ಇವನ್ನೂ ನೋಡಿ

• ಕುವೆಂಪು ವಿಶ್ವವಿದ್ಯಾಲಯ
• ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ
• ವಿಶ್ವವಿದ್ಯಾಲಯ ಅನುದಾನ ಆಯೋಗ
• ಚಿಕ್ಕಮಗಳೂರು ಜಿಲ್ಲೆ