ಕಪಾಟಿನಲ್ಲೇ ಉಳಿದ ಇಳಕಲ್ ಸೀರೆ

ಎರಡನೆಯ ಮಗು ಹುಟ್ಟಿದ ಮೇಲೆ ಸುಮಾರು ಎರಡು ವರ್ಷ ನಾನು ಕಚೇರಿಗೆ ಉಟ್ಟುಹೋದದ್ದು ಇಸ್ತ್ರಿ ಬೇಡದ ಮೂರೇ ಸಿಂಥೆಟಿಕ್ ಸೀರೆಗಳು. ಕಡತಗಳಲ್ಲಿ ನನ್ನ ಟಿಪ್ಪಣಿ ಖಚಿತವಾಗಿಯೇ ಇರುತ್ತಿತ್ತು. ಸಭೆಗಳಲ್ಲಿ ಮಾತ್ರ ಹಿಂದಿನ ಸಾಲು ಹುಡುಕುತ್ತಿದ್ದೆ. ತಾಯಿ ಕೊಟ್ಟಿದ್ದ ಕೆಂಪು ಸೆರಗಿನ ಇಳಕಲ್ ಸೀರೆ ಕಪಾಟಿನಲ್ಲೇ ಇತ್ತು. ಅದನ್ನು ಉಡಲು ಬೇಕಾದ ಹದಿನೈದು ನಿಮಿಷ ಇರಲಿಲ್ಲ.

ಅರ್ಥಶಾಸ್ತ್ರ ಓದಿದವಳಾಗಿ ಇದನ್ನು ಕೇವಲ ಅಲಂಕಾರದ ಪ್ರಶ್ನೆಯೆಂದು ನಾನು ಒಪ್ಪಲಾರೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ, ವೇತನವಿಲ್ಲದೆ. ಪುರುಷರು 88 ನಿಮಿಷ. ಮಕ್ಕಳ ಆರೈಕೆಯ ಲೆಕ್ಕ ಬೇರೆ. ಹೀಗಿರುವಾಗ ‘ನಿಮಗಾಗಿ ಸ್ವಲ್ಪ ಸಮಯ ಮಾಡಿಕೊಳ್ಳಿ’ ಎಂದು ಪತ್ರಿಕೆಗಳು ತಾಯಂದಿರಿಗೆ ಮಾಡುವ ಉಪದೇಶ ತುಸು ನಿರ್ದಯವೆನಿಸುತ್ತದೆ. ಮನೆಯಲ್ಲಿ ಬೇರೊಬ್ಬರು ತಮ್ಮ ಸಮಯವನ್ನು ಬಿಟ್ಟುಕೊಡಬೇಕು.

ಬೆಳಗಿನ ತಿಂಡಿ ತಿನ್ನಿಸಿ ಮಕ್ಕಳನ್ನು ಹೊರಡಿಸುವ ಹೊಣೆಯನ್ನು ನನ್ನ ಪತಿ ಹೊತ್ತದ್ದು ಔದಾರ್ಯದಿಂದಲ್ಲ, ಒಂದು ಜಗಳದ ನಂತರ. ಮರುವಾರದ ಪ್ರಗತಿ ಪರಿಶೀಲನಾ ಸಭೆಗೆ ಇಳಕಲ್ ಸೀರೆ ಉಟ್ಟು ಹೋದೆ. (ರವಿಕೆಯ ಹೊಲಿಗೆ ಬಿಚ್ಚಿಸಬೇಕಾಯಿತು.) ಮುಂದಿನ ಸಾಲಿನಲ್ಲಿ ಕುಳಿತು ಅನುದಾನದ ಕುರಿತು ಎರಡು ಪ್ರಶ್ನೆ ಕೇಳಿದೆ. ಸೀರೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಪ್ರಶ್ನೆಗಳಿಗೆ ಉತ್ತರ ಹುಡುಕುವುದರಲ್ಲೇ ಸಭೆಯ ಹೊತ್ತು ಕಳೆಯಿತು.