ಸಕ್ಕರೆಯ ವಿಜ್ಞಾನಿಗಳು 1995ರಲ್ಲಿ ಮಾಡಿದ್ದನ್ನು ನಮ್ಮ ವೆಬಿನಾರ್‌ಗಳು 2020ರಲ್ಲೂ ಮಾಡಲಿಲ್ಲ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಭಾರತದ ಜನರಿಗೆ ಇಂಟರ್ನೆಟ್ ಬಾಗಿಲು ತೆರೆಯಿತು. ಜನರಿಗೆ ಅಂದರೆ ಮುಂಬೈ, ದೆಹಲಿ, ಕಲ್ಕತ್ತಾ, ಮದ್ರಾಸುಗಳಲ್ಲಿ ಇದ್ದು, ವರ್ಷಕ್ಕೆ ಐದು ಸಾವಿರ ರೂಪಾಯಿ ಕೊಡಬಲ್ಲವರಿಗೆ. ಅದರ ಮರು ತಿಂಗಳೇ, ಸೆಪ್ಟೆಂಬರ್‌ನಲ್ಲಿ, ಪೂರ್ತಿ ಇಂಟರ್ನೆಟ್ ಮೇಲೆಯೇ ಒಂದು ಅಂತಾರಾಷ್ಟ್ರೀಯ ವಿಜ್ಞಾನ ಸಮ್ಮೇಳನ ನಡೆದುಹೋಯಿತು. ಹೆಸರು ಫಸ್ಟ್ ಎಲೆಕ್ಟ್ರಾನಿಕ್ ಗ್ಲೈಕೋಸೈನ್ಸ್ ಕಾನ್ಫರೆನ್ಸ್, ಚಿಕ್ಕದಾಗಿ ಇಜಿಸಿ-1. ವಿಷಯ ಕಾರ್ಬೋಹೈಡ್ರೇಟ್. ಹಾಲ್ ಇಲ್ಲ, ಹೋಟೆಲ್ ಇಲ್ಲ, ವೀಸಾ ಇಲ್ಲ, ಹಾರ ತುರಾಯಿ ಮೊದಲೇ ಇಲ್ಲ.

ಝೂಮ್ ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು ನಡೆದ ಈ ಸಮ್ಮೇಳನದ ಕತೆಯನ್ನು ಈಗ ಯಾಕೆ ಹೇಳಬೇಕು? ನಾನು ಕಾಪುವಿನವನು, ಕಾರ್ಕಳ ಕಡೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕ. ಕೋವಿಡ್ ಕಾಲದಿಂದ ಇಲ್ಲಿಯವರೆಗೆ ನಾನು ಕೂತ ವೆಬಿನಾರ್‌ಗಳ ಲೆಕ್ಕ ತಪ್ಪಿಹೋಗಿದೆ. ಇ-ಸರ್ಟಿಫಿಕೇಟುಗಳು ಮಾತ್ರ ಒಂದು ಫೋಲ್ಡರ್ ತುಂಬಾ ಉಂಟು. ಇಜಿಸಿ-1 ಹೇಗೆ ನಡೆಯಿತು ಅಂತ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ವಿಜ್ಞಾನದ ಮಾತುಕತೆಗೆ ಬಡವರೂ ಬರಬಹುದಾದ ಒಂದು ಬಾಗಿಲನ್ನು ಅವರು ಆಗಲೇ ಮಾಡಿಟ್ಟಿದ್ದರು. ನಾವು ಆ ಬಾಗಿಲು ಬಿಟ್ಟು ಗೋಡೆಯನ್ನು ತಂದುಕೊಂಡೆವು.

ಮೊದಲು ಸಕ್ಕರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕಾರ್ಬೋಹೈಡ್ರೇಟ್ ಅಂದ ತಕ್ಷಣ ನಮಗೆ ಅನ್ನ, ಡಯಾಬಿಟಿಸ್, ಡಯಟ್ ನೆನಪಾಗುತ್ತದೆ. ಅದು ಕತೆಯ ಒಂದು ತುಣುಕು ಅಷ್ಟೇ. ನಿಮ್ಮ ರಕ್ತ 'ಎ' ಗುಂಪಿನದೋ 'ಬಿ' ಗುಂಪಿನದೋ ಅನ್ನುವುದನ್ನು ನಿರ್ಧರಿಸುವುದು ಕೆಂಪು ರಕ್ತಕಣದ ಮೇಲಿರುವ ಸಕ್ಕರೆ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ. ಫ್ಲೂ ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವುದು ಕೋಶದ ಹೊರಮೈಯಲ್ಲಿರುವ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯನ್ನು ಹಿಡಿದು. ಜೀವಕೋಶಗಳು ಒಂದನ್ನೊಂದು ಗುರುತು ಹಿಡಿಯುವ ಕೆಲಸದಲ್ಲಿ ಒಂದು ಪಾಲು ಈ ಸಕ್ಕರೆಗಳ ಮೂಲಕ ಆಗುತ್ತದೆ. ಗ್ಲೈಕೋಸೈನ್ಸ್ ಅಂದರೆ ಇದರ ಅಧ್ಯಯನ.

ಕಷ್ಟ ಎಲ್ಲಿ ಅಂದರೆ, ಸಕ್ಕರೆಗಳು ಸಾಲಾಗಿ ನಿಲ್ಲುವುದಿಲ್ಲ. ಮೂರು ಬೇರೆ ಬೇರೆ ಅಮೈನೋ ಆಮ್ಲಗಳನ್ನು ಒಂದೊಂದು ಸಲ ಬಳಸಿ ಪೋಣಿಸಿದರೆ ಆರು ಬಗೆಯ ಸರ ಆಗುತ್ತದೆ, ಲೆಕ್ಕ ಮುಗಿಯಿತು. ಮೂರು ಬೇರೆ ಬೇರೆ ಸಕ್ಕರೆಗಳನ್ನು ಜೋಡಿಸಿದರೆ, ಯಾವ್ಯಾವ ರೂಪಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಅನ್ನುವುದರ ಮೇಲೆ, 1,056ರಿಂದ 27,648 ಬಗೆಯವರೆಗೆ ಬರುತ್ತದೆ. ಕೊಂಬೆ ಒಡೆಯುತ್ತವೆ, ತಿರುಗುತ್ತವೆ, ಬಾಗುತ್ತವೆ. ಕಾಗದದ ಮೇಲೆ ಬರೆದರೆ ಅರ್ಧ ವಿಷಯ ಹೋಯಿತು. ತಿರುಗಿಸಿ ನೋಡಬೇಕು. ಜೊತೆಗೆ ಈ ಕ್ಷೇತ್ರದವರು ಒಂದೇ ಕಡೆ ಇರುವುದಿಲ್ಲ. ಒಬ್ಬರು ರಸಾಯನ ವಿಭಾಗದಲ್ಲಿ, ಇನ್ನೊಬ್ಬರು ವೈದ್ಯಕೀಯ ಕಾಲೇಜಿನಲ್ಲಿ, ಮತ್ತೊಬ್ಬರು ಆಹಾರ ಸಂಶೋಧನೆಯಲ್ಲಿ. ಇಂಥವರಿಗೆ ವೆಬ್ ಬೇಗ ರುಚಿಸಿದ್ದು ಆಶ್ಚರ್ಯವಲ್ಲ.

ವೆಬ್ ಆಗ ಎಳೆಗೂಸು. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆ ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು ಅಂತ ಘೋಷಿಸಿದ್ದು 1993ರ ಏಪ್ರಿಲ್‌ನಲ್ಲಿ. ಎರಡೇ ವರ್ಷದಲ್ಲಿ, 1995ರ ಜೂನ್-ಜುಲೈನಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆನ್ರಿ ಝೆಪಾ ಮತ್ತು ಜೊತೆಗಾರರು ಸಾವಯವ ರಸಾಯನಶಾಸ್ತ್ರದ ಆನ್‌ಲೈನ್ ಸಮ್ಮೇಳನ ಮಾಡಿದರು. ಅಣುವಿನ ಚಿತ್ರದ ಬದಲು ಅಣುವಿನ ರಚನೆಯನ್ನೇ ಕಳಿಸಿ, ಓದುವವನು ತನ್ನ ಕಂಪ್ಯೂಟರಿನಲ್ಲಿ ಅದನ್ನು ತಿರುಗಿಸಿ ನೋಡುವ ವ್ಯವಸ್ಥೆ ಅವರದು. (ಆ ಸಮ್ಮೇಳನದ ಪ್ರಬಂಧಗಳು ಕೊನೆಗೆ ಸಿಡಿ ರೂಪದಲ್ಲಿ ಹೊರಬಂದವು. ಇಂಟರ್ನೆಟ್ ಸಮ್ಮೇಳನ ಅಂಚೆಯಲ್ಲಿ ಮನೆಗೆ ಬಂದ ಹಾಗೆ!) ಅದರ ಬೆನ್ನಿಗೇ ಬ್ಯಾರಿ ಹಾರ್ಡಿ ಮತ್ತು ಸಂಗಡಿಗರ ಇಜಿಸಿ-1.

ಇಂಥ ಸಮ್ಮೇಳನದ ಕ್ರಮ ನಮ್ಮ ವೆಬಿನಾರಿಗಿಂತ ಬೇರೆಯೇ. ಪ್ರಬಂಧಗಳು ಚಿತ್ರ, ಅಣುರಚನೆಗಳ ಸಮೇತ ವೆಬ್ ಪುಟಗಳಾಗಿ ಇರುತ್ತಿದ್ದವು. ಯಾರೂ ಎದ್ದು ನಿಂತು ಓದುತ್ತಿರಲಿಲ್ಲ. ನೀವೇ ಓದಿಕೊಳ್ಳಬೇಕು, ನಿಮಗೆ ಪುರುಸೊತ್ತಾದಾಗ. ಚರ್ಚೆ ಬರಹದಲ್ಲಿ, ಒಂದೆರಡು ಗಂಟೆಯಲ್ಲ, ದಿನಗಟ್ಟಲೆ. ಇನ್ನು ಎದುರುಬದುರು ಮಾತಾಡಬೇಕಾದರೆ ಬಯೋಮೂ ಅಂತ ಒಂದು ಜಾಗ ಇತ್ತು, ಜೀವವಿಜ್ಞಾನಿಗಳಿಗಾಗಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಕಟ್ಟಿದ್ದು. ಹಳೆಯ ಕಾಲದ ಕಂಪ್ಯೂಟರ್ ಆಟಗಳ ಹಾಗೆ, ಪೂರ್ತಿ ಅಕ್ಷರದಲ್ಲೇ ನಿಂತ ಕಟ್ಟಡ. ನೀವು ಒಂದು ಕೋಣೆಗೆ ಹೋಗುತ್ತೀರಿ, ಅಲ್ಲಿ ಯಾರ್ಯಾರು ಇದ್ದಾರೆ ಅಂತ ಪರದೆ ಹೇಳುತ್ತದೆ, ನೀವು ಟೈಪ್ ಮಾಡಿದ್ದು ಆ ಕೋಣೆಯಲ್ಲಿ ಇರುವವರಿಗೆಲ್ಲ ಕಾಣುತ್ತದೆ. ಇಜಿಸಿ-1ರ ನೇರ ಗೋಷ್ಠಿಗಳು ನಡೆದದ್ದು ಅಲ್ಲಿ. ಅಕ್ಷರವಾದ ಕಾರಣ ಎಲ್ಲವೂ ದಾಖಲೆಯಾಗಿ ಉಳಿಸಿಕೊಳ್ಳಬಹುದಿತ್ತು. ಮುಂದಿನ ವರ್ಷ ಸಂಘಟಕರು ಈ ಅನುಭವವನ್ನು ಒಂದು ವಿಜ್ಞಾನ ಪತ್ರಿಕೆಯಲ್ಲಿ ಬರೆದರು ಕೂಡ.

ಸಂಘಟನೆ ಸುಲಭದ ಕೆಲಸ ಅಲ್ಲ. ಪ್ರಬಂಧಗಳನ್ನೆಲ್ಲ ವೆಬ್ ಪುಟ ಮಾಡಬೇಕು, ಚಿತ್ರಗಳನ್ನು ಚಿಕ್ಕದು ಮಾಡಬೇಕು, ಚರ್ಚೆ ಹಳಿ ತಪ್ಪದಂತೆ ಒಬ್ಬರು ನೋಡಿಕೊಳ್ಳಬೇಕು. ಗಡಿಯಾರದ್ದು ಇನ್ನೊಂದು ತಲೆಬಿಸಿ. ಸೆಪ್ಟೆಂಬರಿನಲ್ಲಿ ಲಂಡನ್ನಿನ ಮಧ್ಯಾಹ್ನ ಮೂರು ಗಂಟೆ ಅಂದರೆ ನಮಗೆ ಸಂಜೆ ಏಳೂವರೆ, ನ್ಯೂಯಾರ್ಕಿನವರಿಗೆ ಬೆಳಗ್ಗೆ ಹತ್ತು, ಟೋಕಿಯೋದವರು ಮಲಗುವ ಹೊತ್ತು. ಎಲ್ಲರನ್ನೂ ಒಂದೇ ಗಳಿಗೆಯಲ್ಲಿ ಕೂರಿಸಲು ಆಗುವುದಿಲ್ಲ. ಬರಹದ ಚರ್ಚೆಯೇ ಮುಖ್ಯ, ನೇರ ಗೋಷ್ಠಿ ಮೇಲೋಗರ ಅನ್ನುವ ಕ್ರಮಕ್ಕೆ ಬಲ ಇರುವುದು ಇಲ್ಲಿ.

ಆಗ ನಮ್ಮ ಊರು ಎಲ್ಲಿತ್ತು? ಉಡುಪಿ ಜಿಲ್ಲೆ ಅಂತಲೇ ಇರಲಿಲ್ಲ. ಅದು ದಕ್ಷಿಣ ಕನ್ನಡದಿಂದ ಬೇರೆಯಾದದ್ದು 1997ರ ಆಗಸ್ಟ್‌ನಲ್ಲಿ. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜು ಇತ್ತು, 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೂ ಆಗಿತ್ತು. ಇಂಟರ್ನೆಟ್ ಮಾತ್ರ ವಿಎಸ್‌ಎನ್‌ಎಲ್‌ನ ಆ ನಾಲ್ಕು ಮಹಾನಗರಗಳಲ್ಲಿ, ಇಲ್ಲವೇ 1986ರಲ್ಲಿ ಶುರುವಾದ ಅರ್ನೆಟ್ ಜಾಲ ಮುಟ್ಟಿದ್ದ ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆಯಂಥ ದೊಡ್ಡ ಮನೆಗಳಲ್ಲಿ. ವಿಎಸ್‌ಎನ್‌ಎಲ್‌ನ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ನೀವೇ ಗುಣಿಸಿ ನೋಡಿ. ಒಂದು ಎಂಬಿ ಇಳಿಸಲು ಹೆಚ್ಚುಕಡಿಮೆ ಹದಿನೈದು ನಿಮಿಷ, ಅದೂ ಲೈನ್ ಕಟ್ ಆಗದಿದ್ದರೆ. ಕಾರ್ಕಳದಿಂದ ಎಸ್‌ಟಿಡಿ ಮಾಡಿ ಆ ಜಾಲಕ್ಕೆ ಹೋಗುವವನು ಸಂಬಳವನ್ನೆಲ್ಲ ಟೆಲಿಫೋನ್ ಇಲಾಖೆಗೆ ಕೊಡಬೇಕಿತ್ತು.

ಆದರೆ ವಿಜ್ಞಾನ ಇಲ್ಲಿ ಇರಲಿಲ್ಲ ಅಂದುಕೊಳ್ಳಬೇಡಿ. ಅದೇ ಹೊತ್ತಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಮತ್ತು ಅವಧೇಶ ಸುರೋಲಿಯಾ ಅವರ ತಂಡಗಳು ಜಕಾಲಿನ್ ಎಂಬ ಪ್ರೋಟೀನಿನ ಹಿಂದೆ ಬಿದ್ದಿದ್ದವು. ಜಕಾಲಿನ್ ಸಿಗುವುದು ಎಲ್ಲಿ? ನಮ್ಮ ಹಲಸಿನ ಬೀಜದಲ್ಲಿ. ಹೆಸರು ಬಂದದ್ದೇ ಜ್ಯಾಕ್‌ಫ್ರೂಟಿನಿಂದ. ಸಕ್ಕರೆಯನ್ನು ಗುರುತು ಹಿಡಿದು ಅಂಟಿಕೊಳ್ಳುವ ಲೆಕ್ಟಿನ್ ಜಾತಿಯ ಪ್ರೋಟೀನು ಅದು. ಅದರ ಮೂರು ಆಯಾಮದ ರಚನೆ, ಸಕ್ಕರೆಯನ್ನು ಹಿಡಿಯುವ ಹೊಸ ಬಗೆಯ ಸಮೇತ, 1996ರಲ್ಲಿ ಪ್ರಕಟವಾಯಿತು. ನಾವು ಸುಟ್ಟು ತಿನ್ನುವ, ಸಾಂಬಾರಿಗೆ ಹಾಕುವ ಬೀಜ ಜಗತ್ತಿನ ಗ್ಲೈಕೋಸೈನ್ಸಿನ ದೊಡ್ಡ ಸುದ್ದಿ. ಈ ಸುದ್ದಿ ನನ್ನ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು ಅಂತ ತರಗತಿಯಲ್ಲಿ ಕೇಳಿದ್ದೆ. ಒಂದು ಕೈಯೂ ಮೇಲೇಳಲಿಲ್ಲ. ತಪ್ಪು ಅವರದಲ್ಲ. ಅಂಥ ಸುದ್ದಿ ಹರಿದು ಬರುವ ಕಾಲುವೆಯೇ ಇಲ್ಲ.

2020ರಲ್ಲಿ ಕಾಲುವೆ ತೋಡುವ ಅವಕಾಶ ತಾನಾಗಿಯೇ ಬಂದಿತ್ತು. ಲಾಕ್‌ಡೌನ್ ಆಯಿತು, ಕಾಲೇಜುಗಳೆಲ್ಲ ವೆಬಿನಾರ್ ಶುರು ಮಾಡಿದವು. ಮಾಡಿದ್ದೇನು? ಸೆಮಿನಾರ್ ಹಾಲನ್ನು ಹಾಗೇ ಎತ್ತಿ ಝೂಮ್‌ನಲ್ಲಿ ಇಟ್ಟದ್ದು. ಪ್ರಾರ್ಥನೆ, ಸ್ವಾಗತ, ಗಣ್ಯರ ಪರಿಚಯ, ಒಬ್ಬರ ಒಂದು ಗಂಟೆಯ ಭಾಷಣ, ಸಮಯದ ಅಭಾವದಿಂದ ಎರಡೇ ಪ್ರಶ್ನೆ, ವಂದನಾರ್ಪಣೆ. ಆಮೇಲೆ ಗೂಗಲ್ ಫಾರ್ಮ್. ಫಾರ್ಮ್ ತುಂಬಿದವರಿಗೆ ಸರ್ಟಿಫಿಕೇಟ್. ಭಾಷಣ ಕೇಳದೆ ಕೊನೆಯ ಐದು ನಿಮಿಷಕ್ಕೆ ಬಂದು ಫಾರ್ಮ್ ತುಂಬಿ ಹೋದವರನ್ನು ನಾನು ನೋಡಿದ್ದೇನೆ, ಅವರನ್ನು ದೂರುವುದೂ ಇಲ್ಲ. ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರೆ ಅಂಕ ಅಂತ ಯುಜಿಸಿ ನಿಯಮ ಇರುವಾಗ, ಖಾಯಂ ಕೆಲಸದ ಕನಸಿರುವ ಅತಿಥಿ ಉಪನ್ಯಾಸಕ ಕಾಗದ ಕೂಡಿಡದೆ ಏನು ಮಾಡಬೇಕು, ಮಾರಾಯ್ರೆ?

ಹಾಲನ್ನು ಝೂಮ್‌ಗೆ ತಂದಾಗ ಹಾಲಿನ ಮೇಲುಕೀಳೂ ಜೊತೆಗೇ ಬಂತು. ಘಟ್ಟದ ಬುಡದ ಮಾಳದ ಕಡೆಯಿಂದ ಬರುವ ಹುಡುಗಿಗೆ ಮನೆಯೊಳಗೆ ಸಿಗ್ನಲ್ ಇಲ್ಲ. ವಿಡಿಯೋ ನಿಂತು ನಿಂತು ಬರುತ್ತದೆ. ಪ್ರಶ್ನೆ ಇದ್ದರೂ ಮೈಕ್ ಆನ್ ಮಾಡಿ ನೂರು ಜನರ ಎದುರು ಇಂಗ್ಲಿಷಿನಲ್ಲಿ ಕೇಳಲು ಗಂಟಲು ಕಟ್ಟುತ್ತದೆ. ಅದೇ ಹುಡುಗಿ ರಾತ್ರಿ ಕೂತು ಪ್ರಬಂಧ ಓದಿ, ನಾಲ್ಕು ಸಾಲು ಬರೆದು, ಎರಡು ಸಲ ತಿದ್ದಿ ಹಾಕಬಲ್ಲಳು. 9.6 ಕಿಲೋಬಿಟ್‌ನ ಜಗತ್ತಿಗೆ ಹೊಂದುವಂತೆ ಮಾಡಿದ ವ್ಯವಸ್ಥೆ ಅವಳಿಗೆ ಇವತ್ತೂ ಹೊಂದುತ್ತದೆ. 4ಜಿ ಇದ್ದವರಿಗಾಗಿ ಮಾಡಿದ್ದು ಅವಳನ್ನು ಹೊರಗಿಟ್ಟಿತು.

ಇಷ್ಟರ ಮೇಲೆ ಸರಕಾರವೂ ಬಾಗಿಲಿಗೆ ಬಂದು ನಿಂತಿತು. 2021ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯ ಒಂದು ಆದೇಶ ಹೊರಡಿಸಿತು. ಸರಕಾರಿ ಅನುದಾನದ ಸಂಸ್ಥೆಗಳು, ವಿಶ್ವವಿದ್ಯಾಲಯಗಳು ಆನ್‌ಲೈನಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ಮಾಡಬೇಕಾದರೆ ಮೊದಲೇ ಸಚಿವಾಲಯದ ಅನುಮತಿ ಪಡೆಯಬೇಕು, ವಿಷಯ ದೇಶದ ಭದ್ರತೆ, ಗಡಿ, ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಲಡಾಖ್ ಅಥವಾ ಭಾರತದ 'ಆಂತರಿಕ ವಿಚಾರ'ಗಳಿಗೆ ಸಂಬಂಧಿಸಿರಬಾರದು, ಭಾಗವಹಿಸುವವರ ಪಟ್ಟಿಗೂ ಒಪ್ಪಿಗೆ ಬೇಕು ಅಂತ. ಆಂತರಿಕ ವಿಚಾರ ಅಂದರೆ ಏನು? ನಮ್ಮ ಜನರ ಡಯಾಬಿಟಿಸ್ ಆಂತರಿಕವೋ ಬಾಹ್ಯವೋ? ದೇಶದ ಎರಡು ವಿಜ್ಞಾನ ಅಕಾಡೆಮಿಗಳ ಅಧ್ಯಕ್ಷರು ಸಚಿವರಿಗೆ ಪತ್ರ ಬರೆದು ಆಕ್ಷೇಪಿಸಿದರು. ಫೆಬ್ರವರಿ ಕೊನೆಗೆ ಆ ನಿಯಮಗಳನ್ನು ಹಿಂತೆಗೆದುಕೊಳ್ಳಲಾಯಿತು.

ಹಿಂದೆ ಹೋಯಿತಲ್ಲ, ಇನ್ನೇನು ಅಂತ ಕೇಳುವವರಿದ್ದಾರೆ. ಗಮನಿಸಬೇಕಾದದ್ದು ಆ ಆದೇಶದ ಹಿಂದಿನ ಬುದ್ಧಿ. ಅದರ ತಲೆಯಲ್ಲಿ ಇದ್ದದ್ದೂ ಹಾಲೇ. ವೇದಿಕೆ, ಆಹ್ವಾನ ಪತ್ರಿಕೆ, ಅತಿಥಿಗಳ ಪಟ್ಟಿ. ಯಾರು ಬೇಕಾದರೂ ಬಂದು ಓದಿ ಬರೆಯುವ ಸಮ್ಮೇಳನಕ್ಕೆ ಪಟ್ಟಿಯನ್ನು ಮೊದಲೇ ಕೊಡುವುದು ಹೇಗೆ? ಒಬ್ಬ ದೊಡ್ಡವರ ಭಾಷಣಕ್ಕೆ ಅನುಮತಿ ಕೊಡಬಹುದು, ನಿರಾಕರಿಸಲೂಬಹುದು. ಸಾವಿರ ಜನರ ಹರಟೆಗೆ ಪಹರೆ ಹಾಕುವುದು ಕಷ್ಟ. ನಮ್ಮ ಕಾಲೇಜುಗಳು ಭಾಷಣವನ್ನೇ ಸಮ್ಮೇಳನ ಅಂದುಕೊಂಡಷ್ಟು ದಿನ ಇಂಥ ಆದೇಶ ಮತ್ತೆ ಬರೆಯುವುದು ಯಾರಿಗೂ ಸುಲಭವೇ.

ಇದು ದುಡ್ಡಿನ ಪ್ರಶ್ನೆಯೂ ಅಲ್ಲ. ಇಜಿಸಿ ಮಾದರಿಯ ಒಂದು ಚಿಕ್ಕ ಸಮ್ಮೇಳನಕ್ಕೆ ಬೇಕಾದದ್ದು ಕೆಲವು ಸಾದಾ ಪುಟಗಳು, ಪ್ರತಿ ಪ್ರಬಂಧಕ್ಕೆ ಚರ್ಚೆ ನೋಡಿಕೊಳ್ಳುವ ಒಬ್ಬರು, ಮತ್ತು ಎರಡು ವಾರ. ವಿಷಯ ಹುಡುಕಿ ದೂರ ಹೋಗಬೇಕಾಗಿಲ್ಲ. ಮಲ್ಪೆಯಲ್ಲಿ ಸಿಗಡಿ ಸುಲಿದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಕೈಟಿನ್ ಇದೆ, ಅದು ಸಕ್ಕರೆಯ ಸರಪಳಿ. ಕುಚ್ಚಲಕ್ಕಿಯನ್ನೇ ತೆಗೆದುಕೊಳ್ಳಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ಒಳಗಿನ ಪಿಷ್ಟ ಮೊದಲು ಅರಳಿ, ಆರಿದಂತೆ ಸ್ವಲ್ಪ ಭಾಗ ಮತ್ತೆ ಬಿಗಿಯಾಗುತ್ತದೆ. ಕುಚ್ಚಲಕ್ಕಿ ಸಾಮಾನ್ಯವಾಗಿ ನಿಧಾನಕ್ಕೆ ಜೀರ್ಣವಾಗುವುದಕ್ಕೆ ಇದೂ ಒಂದು ಕಾರಣ. ಅಜ್ಜಿಗೆ ಗೊತ್ತಿದ್ದ ಪ್ರಶ್ನೆಗಳೂ ಮಣಿಪಾಲದ ಲ್ಯಾಬಿಗೆ ಗೊತ್ತಿರುವ ಉತ್ತರಗಳೂ ಒಂದೇ ಪುಟದಲ್ಲಿ ಕನ್ನಡದಲ್ಲಿ ಭೇಟಿಯಾದರೆ ಬಡ್ತಿಗೆ ಅಂಕ ಸಿಗಲಿಕ್ಕಿಲ್ಲ. ಹಲಸಿನ ಬೀಜದ ಸುದ್ದಿ ತರಗತಿಗೆ ಮೂವತ್ತು ವರ್ಷ ತಡವಾಗಿ ಬರುವುದಂತೂ ನಿಲ್ಲುತ್ತದೆ.

ನನ್ನ ಇಬ್ಬರು ಸಹೋದ್ಯೋಗಿಗಳ ಹತ್ತಿರ ಇದನ್ನು ಹೇಳಿದ್ದೇನೆ. ಒಬ್ಬರು ಕೇಳಿದ ಮೊದಲ ಪ್ರಶ್ನೆ ಸರ್ಟಿಫಿಕೇಟ್ ಉಂಟಾ ಅಂತ. ಇನ್ನೊಬ್ಬರು ತಿಂಗಳು ಯಾವುದು ಅಂತ ಕೇಳಿದರು. ಆಟಿಯಲ್ಲಿ ಅಂದೆ. ಆಟಿಯ ಮಳೆಗೆ ಕರೆಂಟ್ ನಿಲ್ಲುವುದಿಲ್ಲವಲ್ಲ ಅಂದರು ಅವರು. ನಿಲ್ಲದಿದ್ದರೆ ಬೇಡ. ಎರಡು ವಾರದ ಸಮ್ಮೇಳನದಲ್ಲಿ ಒಂದು ಸಂಜೆ ಹೋದರೆ ಮರುದಿನ ಬೆಳಗ್ಗೆ ಬರೆದರಾಯಿತು.