ತುಕ್ಕು ಹಿಡಿಯದ ಗೋಪುರ

ಬೆಂಗಳೂರು ಹೆದ್ದಾರಿಯ ಮೇಲಿನ ನಮ್ಮ ಶಂಶಾಬಾದಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂದಿತು. ಅಂದಿನಿಂದ ಇಲ್ಲಿ ದೊಡ್ಡ ಕಟ್ಟಡಗಳಿಗೆ ಕೊರತೆಯಿಲ್ಲ. ಅಂಥ ಕಟ್ಟಡಗಳ ಮೇಲೂ ಕಾರ್ಖಾನೆಗಳ ಮಗ್ಗುಲಲ್ಲೂ ಆವಿ ಬಿಡುವ ಗೋಪುರಗಳನ್ನು ಕಂಡು ಹೊಗೆಗೂಡೆಂದು ಭಾವಿಸುವವರುಂಟು. ಅವು ನೀರನ್ನು ತಣಿಸುವ ಕೂಲಿಂಗ್ ಟವರುಗಳು.

ಇದರ ಗುಟ್ಟು ನಮ್ಮ ಮನೆಯ ಮಣ್ಣಿನ ಹೂಜಿಯದೇ. ಯಂತ್ರಗಳ ಶಾಖ ಹೊತ್ತು ಬಂದ ನೀರು ಮೇಲಿನಿಂದ ತುಂತುರಾಗಿ ಬೀಳುತ್ತದೆ, ಫ್ಯಾನು ಗಾಳಿಯನ್ನೆಳೆಯುತ್ತದೆ. ನೂರು ಲೀಟರಿನಲ್ಲಿ ಒಂದು ಲೀಟರು ಆವಿಯಾದರೆ ಉಳಿದುದು ಸುಮಾರು 6 ಡಿಗ್ರಿ ತಣಿಯುವುದು. ಹೈದರಾಬಾದಿನ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ.

ಹಗಲಿರುಳು ತೊಯ್ಯುವಲ್ಲಿ ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಆದ್ದರಿಂದ ಈಗ ಗಾಜಿನ ನಾರನ್ನು ರಾಳದಲ್ಲಿ ತೋಯಿಸಿ ಗಟ್ಟಿಮಾಡಿದ ಎಫ್.ಆರ್.ಪಿ. ಎಂಬ ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ನಾರು ಬಲ ಕೊಡುತ್ತದೆ, ರಾಳ ನೀರನ್ನು ತಡೆಯುತ್ತದೆ. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿದ ನಮ್ಮ ಹಿರಿಯರಿಗೆ ಈ ಯುಕ್ತಿ ಹೊಸದಲ್ಲ. ತೂಕವೋ, ಅಷ್ಟೇ ಗಾತ್ರದ ಉಕ್ಕಿನ ಕಾಲುಭಾಗದಷ್ಟು ಮಾತ್ರ.

ಆದರೆ ನೀರಿಗಂಜದ ಈ ವಸ್ತು ಬೆಂಕಿಗೆ ಅಂಜುತ್ತದೆ. ದುರಸ್ತಿಗೆಂದು ನೀರು ನಿಲ್ಲಿಸಿ ಒಣಗಿದ ಗೋಪುರಕ್ಕೆ ವೆಲ್ಡಿಂಗಿನ ಒಂದು ಕಿಡಿ ಸಾಕು. ಹಲಗೆ ಕೊಯ್ಯುವಾಗ ಏಳುವ ಧೂಳು ಮೈಯನ್ನು ತುರಿಸುತ್ತದೆ, ಕಣ್ಣಿಗೂ ಉಸಿರಿಗೂ ಕೆಡುಕು. ಆದ್ದರಿಂದ ಈ ಕೆಲಸಕ್ಕೆ ಹೋಗುವ ನಮ್ಮವರು ಮಾಸ್ಕು, ಕನ್ನಡಕ, ಕೈಗವಸುಗಳನ್ನು ಮೇಸ್ತ್ರಿಯಿಂದ ಕೇಳಿಯೇ ಪಡೆಯಬೇಕು. ಇದರಲ್ಲಿ ನಾಚಿಕೆ ಬೇಡ. ಧೂಳಾದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯದಿರೋಣ. ಗೋಪುರಕ್ಕೆ ತುಕ್ಕು ಹಿಡಿಯದಿದ್ದರೆ ಸಾಲದು. ಅದನ್ನು ಕಟ್ಟುವವರ ಎದೆಯೂ ಗಟ್ಟಿಯಾಗಿರಬೇಕು.